ಟ್ರೆಡ್‌ಮಿಲ್ ನಿಲ್ಲಿಸಿದ್ದು ನಾನೇ

ಎರಡನೆಯ ಸೆಮಿಸ್ಟರ್ ಶುರುವಾದ ವಾರವೇ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆಸಿಕೊಂಡು, ಕೂರಲು ಹೇಳಿ, ಕಾಫಿ ತರಿಸಿ, ಬಹಳ ಪ್ರೀತಿಯಿಂದ ನನ್ನನ್ನು ಲ್ಯಾಬಿನಿಂದ ಹೊರಗಿಟ್ಟರು.

"ಪ್ರಾಕ್ಟಿಕಲ್‌ಗೆ ನೀನು ತಲೆ ಕೆಡಿಸ್ಕೋಬೇಡಮ್ಮ. ಬಂದು ಕೂತ್ಕೊಂಡು ನೋಡು, ಸಾಕು. ಮಾರ್ಕ್ಸ್ ನಾವು ಹಾಕ್ತೀವಿ. ಒಳ್ಳೇ ಮಾರ್ಕ್ಸೇ ಹಾಕ್ತೀವಿ."

ಕೆಂಗೇರಿಯಾಚೆ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿರುವ ವಿಶ್ವವಿದ್ಯಾಲಯವೊಂದರಲ್ಲಿ ನಾನು ಆಗ ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಹುಟ್ಟಿನಿಂದಲೇ ನನ್ನ ಎಡಗಾಲು ಗಿಡ್ಡ, ಅದರಲ್ಲಿ ಬಲವೂ ಇಲ್ಲ. ಎರಡು ಊರುಗೋಲುಗಳ ಮೇಲೆ ನಡೆಯುತ್ತೇನೆ. ಈಜುತ್ತೇನೆ. ಈ ಓದಿಗೆ ನನ್ನನ್ನು ತಂದದ್ದೂ ಈಜೇ. ಅದೇ ಕೊಳ, ಅದೇ ನೀರು. ಒಂದು ದಿನ ಮೈ ಹಗುರ, ಮರುದಿನ ಕಲ್ಲು. ಅದು ಯಾಕೆಂದು ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ. ನಾನೇ ತಿಳಿದುಕೊಳ್ಳೋಣ ಎಂದು ಬಂದಿದ್ದೆ.

ಮುಖ್ಯಸ್ಥರು ಕೆಟ್ಟವರಲ್ಲ. ಕ್ರೀಡಾ ದಿನಾಚರಣೆಯಲ್ಲಿ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಎಲ್ಲರಿಗೂ ಸ್ಫೂರ್ತಿ ಎಂದು ಹೊಗಳಿದವರು ಅವರೇ. ವೇದಿಕೆಗೆ ಬೇಕಾದವಳು ಲ್ಯಾಬಿಗೆ ಯಾಕೆ ಬೇಡ ಸಾರ್ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಟ್ರೆಡ್‌ಮಿಲ್ ಮೇಲೆ ಒಬ್ಬ ಪೂರ್ತಿ ಸ್ಪೀಡಲ್ಲಿ ಓಡ್ತಾ ಇದಾನೆ, ಕಾಲು ತಪ್ಪಿ ಬೀಳ್ತಾನೆ ಅಂತಿಟ್ಕೋ. ನಿನ್ ಕೈಲಿ ಹಿಡಿಯೋಕಾಗುತ್ತಾ? ಏನಾದ್ರೂ ಆದ್ರೆ ಯಾರಮ್ಮ ಹೊಣೆ?"

ಅವರು ಹೇಳುತ್ತಿದ್ದದ್ದು ನಮ್ಮ ಓದಿನ ಮುಖ್ಯ ಪ್ರಯೋಗದ ಬಗ್ಗೆ. ಒಬ್ಬರ ಮುಖಕ್ಕೆ ಮಾಸ್ಕ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ಓಡಿಸಬೇಕು. ಹಂತ ಹಂತವಾಗಿ ವೇಗವನ್ನೂ ಏರನ್ನೂ ಹೆಚ್ಚಿಸುತ್ತ, ಇನ್ನು ಆಗುವುದೇ ಇಲ್ಲ ಎನ್ನುವ ತನಕ ಒಯ್ಯಬೇಕು. ಉಸಿರಿನ ಗಾಳಿಯನ್ನು ಯಂತ್ರ ಅಳೆದು, ಆ ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಹೇಳುತ್ತದೆ. ಇದನ್ನು ಸ್ವತಃ ನಡೆಸಲು ಬರದವರು ಈ ಪದವಿ ಹಿಡಿದುಕೊಂಡು ಯಾವ ಕ್ರೀಡಾ ಕೇಂದ್ರದ ಬಾಗಿಲಿಗೂ ಹೋಗುವ ಹಾಗಿಲ್ಲ. ಪುಕ್ಕಟೆ ಅಂಕ ತೆಗೆದುಕೊಂಡರೆ ನನ್ನ ಪದವಿ ಗೋಡೆಗೆ ತೂಗುಹಾಕಲು ಮಾತ್ರ.

ಆದರೂ ಅಂದು ಕಾಫಿ ಮುಗಿಸಿ ಎದ್ದು ಬಂದೆ. ಹಿಡಿಯಲು ನನ್ನಿಂದಾಗದು ಎನ್ನುವುದು ನಿಜವಾಗಿತ್ತು. ಮನೆಗೆ ಮರಳುವಾಗ ಮೆಟ್ರೋದಲ್ಲಿ ಒಬ್ಬ ಆಂಟಿ ಎದ್ದು ಜಾಗ ಕೊಟ್ಟರು. ಕೂತೆ. ಅದರಲ್ಲಿ ನನಗೆ ಯಾವ ಬಿಂಕವೂ ಇಲ್ಲ. ನಿಲ್ಲುವುದು ನನಗೆ ಕಷ್ಟ, ಅವರಿಗೆ ಅಷ್ಟು ಕಷ್ಟವಲ್ಲ. ಆದರೆ ಅಂಕ ಎಂದರೆ ಸೀಟಲ್ಲ ಎಂದು ದೀಪಾಂಜಲಿ ನಗರ ದಾಟುವವರೆಗೂ ಮನಸ್ಸಿನಲ್ಲೇ ಜಗಳವಾಡಿದೆ. ಆರ್‌ಪಿಸಿ ಲೇಔಟಿನ ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಅವಳು ಮುಖ್ಯಸ್ಥರ ಕಡೆಯೇ ಸೇರಿಕೊಂಡಳು. ನನ್ನ ಒಂದೊಂದು ಸರ್ಟಿಫಿಕೇಟಿಗೂ ಕಚೇರಿಗಳ ಮುಂದೆ ನಿಂತು ನಿಂತು ಸೋತವಳು ಅವಳು. ತಾನಾಗಿ ಬಂದದ್ದನ್ನು ಯಾಕೆ ಬೇಡ ಅನ್ನಬೇಕು ಎನ್ನುವುದು ಅವಳ ವಾದ. ನಾನು ಊಟಕ್ಕೆ ಕೂತೆ.

ಮುಂದಿನ ತರಗತಿಗಳಲ್ಲಿ ಅವರು ಹೇಳಿದಂತೆಯೇ ಮೂಲೆಯಲ್ಲಿ ಕೂತು ನೋಡಿದೆ. ಓಡುವವರನ್ನಲ್ಲ, ಸುತ್ತ ನಿಂತವರನ್ನು. ಪರೀಕ್ಷೆ ನಡೆಸುವವರು ಎಲ್ಲಿ ನಿಲ್ಲುತ್ತಾರೆ, ಅವರ ಕೈ ಎಲ್ಲಿರುತ್ತದೆ, ಕಣ್ಣು ಎಲ್ಲಿರುತ್ತದೆ. ಎಲ್ಲರೂ ಕಂಪ್ಯೂಟರ್ ಪಕ್ಕದಲ್ಲೇ ಇರುತ್ತಿದ್ದರು. ಟ್ರೆಡ್‌ಮಿಲ್ಲಿನ ಹಿಂದೆ ನಿಲ್ಲುತ್ತಿದ್ದವರು ಲ್ಯಾಬ್ ಅಟೆಂಡರ್ ಅಣ್ಣ ಒಬ್ಬರೇ. ಒಂದು ದಿನ ನಮ್ಮ ಸಹಪಾಠಿಯೊಬ್ಬ ನಿಜವಾಗಿಯೇ ಮುಗ್ಗರಿಸಿದ. ಹಿಂದಿನಿಂದ ಅಟೆಂಡರ್ ಅಣ್ಣ ಅವನ ಸೊಂಟ ಹಿಡಿದುಕೊಂಡರು. ಪರೀಕ್ಷೆ ನಡೆಸುತ್ತಿದ್ದವನು ಮಾತ್ರ ಬೀಳುವವನನ್ನು ಹಿಡಿಯಲು ಕೈ ಚಾಚಿ, ನಿಲ್ಲಿಸುವ ಗುಂಡಿಯನ್ನೇ ಮರೆತ. ಬೆಲ್ಟ್ ಸುಮ್ಮನೆ ಓಡುತ್ತಲೇ ಇತ್ತು.

ಮುಖ್ಯಸ್ಥರ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಂದೇ ಅವರ ಕೋಣೆಗೆ ಹೋದೆ.

"ಹಿಡಿಯೋದು ನನ್ನ ಕೆಲಸ ಅಲ್ಲ ಸಾರ್. ನಿಲ್ಲಿಸೋದು ನನ್ನ ಕೆಲಸ. ಹಿಡಿಯೋಕೆ ಹಿಂದೆ ಒಬ್ಬರು ಇದ್ದೇ ಇರ್ತಾರೆ. ಇಲ್ಲ ಅಂದ್ರೆ ಯಾರೂ ಟೆಸ್ಟ್ ಮಾಡ್ಬಾರ್ದು, ನಾನೊಬ್ಬಳೇ ಅಲ್ಲ."

ಅವರು ಒಂದು ಷರತ್ತು ಹಾಕಿದರು. ಪ್ರಾಕ್ಟಿಕಲ್ ಪರೀಕ್ಷೆಗೆ ಮೊದಲು ತರಗತಿಯ ಎದುರು ನಾನು ಒಂದು ಪೂರ್ತಿ ಪ್ರಯೋಗ ನಡೆಸಿ ತೋರಿಸಬೇಕು. ಸರಿಹೋದರೆ ಎಲ್ಲರ ಹಾಗೆ ಪರೀಕ್ಷೆಗೆ ಕೂರಬಹುದು. ಇಲ್ಲದಿದ್ದರೆ ಅವರ ಏರ್ಪಾಟೇ ಖಾಯಂ.

ಊಟದ ವಿರಾಮದಲ್ಲಿ ಲ್ಯಾಬ್ ಖಾಲಿ ಇರುತ್ತಿತ್ತು. ಅಟೆಂಡರ್ ಅಣ್ಣ ಬಾಗಿಲು ತೆರೆದುಕೊಡುತ್ತಿದ್ದರು. ರಾಜರಾಜೇಶ್ವರಿನಗರದ ಪಿಜಿಯಲ್ಲಿದ್ದ ನನ್ನ ಗೆಳತಿ, ಒಳ್ಳೆಯ ಓಟಗಾರ್ತಿ, ನನಗಾಗಿ ಓಡಲು ಒಪ್ಪಿದಳು. ನನ್ನ ಮುಖ್ಯ ತೊಡಕು ಕಾಲಲ್ಲ, ಕೈ. ಊರುಗೋಲು ಹಿಡಿದರೆ ಎರಡೂ ಕೈಗಳಿಗೆ ಕೆಲಸ ಸಿಕ್ಕಿಬಿಡುತ್ತದೆ. ಆದ್ದರಿಂದ ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಕಚೇರಿಯ ಚಕ್ರದ ಕುರ್ಚಿಯ ಮೇಲೆ ಕೂತು ಓಡಾಡುವುದು ಎಂದು ನಿರ್ಧರಿಸಿದೆ.

ಮೊದಲ ಕೆಲಸ ಯಂತ್ರವನ್ನು ಸರಿಹೊಂದಿಸುವುದು. ಅದನ್ನು ಬಿಸಿಯಾಗಲು ಬಿಟ್ಟು, ಸಿಲಿಂಡರಿನ ಗಾಳಿಯನ್ನು ಹಾಯಿಸಿ, ಅದರಲ್ಲಿ ಆಮ್ಲಜನಕ ಎಷ್ಟಿದೆಯೆಂದು ನಮಗೆ ಗೊತ್ತಿದೆಯೋ ಅಷ್ಟನ್ನೇ ಯಂತ್ರವೂ ಹೇಳುತ್ತದೆಯೇ ಎಂದು ನೋಡಬೇಕು. ಆಮೇಲೆ ದೊಡ್ಡ ಸಿರಿಂಜಿನಿಂದ ಗಾಳಿಯನ್ನು ಒಂದೇ ಹದದಲ್ಲಿ ತಳ್ಳಬೇಕು. ಈಜಿ ಗಟ್ಟಿಯಾದ ತೋಳುಗಳಿಗೆ ಅದು ಸುಲಭವಾಯಿತು. ಮಾಸ್ಕ್ ಸುಲಭವಾಗಲಿಲ್ಲ. ಗೆಳತಿ ಟ್ರೆಡ್‌ಮಿಲ್ ಹತ್ತಿ ನಿಂತರೆ ಅವಳ ತಲೆಯ ಹಿಂದಿನ ಪಟ್ಟಿಗೆ ನನ್ನ ಕೈ ಎಟುಕದು. ಸಡಿಲ ಪಟ್ಟಿಯಿಂದ ಉಸಿರು ಸೋರಿ, ತೆರೆಯ ಮೇಲಿನ ಗೆರೆ ಅಡ್ಡಾದಿಡ್ಡಿಯಾಯಿತು. ಕೊನೆಗೆ ಅವಳನ್ನು ಕೆಳಗೆ ಕೂರಿಸಿಕೊಂಡು ಮಾಸ್ಕ್ ಬಿಗಿದು, ಬಾಯಿಯ ಕಡೆ ಅಂಗೈ ಅಡ್ಡ ಹಿಡಿದು ಜೋರಾಗಿ ಊದಿಸಿ, ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹತ್ತಿಸತೊಡಗಿದೆ. ಇನ್ನೊಂದು ಸಮಸ್ಯೆ ಕೆಂಪು ಗುಂಡಿ. ತುರ್ತಾಗಿ ನಿಲ್ಲಿಸುವ ಆ ಗುಂಡಿ ಟ್ರೆಡ್‌ಮಿಲ್ಲಿನ ಮುಂಗಂಬಿಯ ಮೇಲಿತ್ತು, ಕೂತವಳಿಗೆ ಸಿಗದು. ಯಂತ್ರದ ಜೊತೆಗೆ ಬಂದ, ಉದ್ದ ವೈರಿನ ಇನ್ನೊಂದು ಕೆಂಪು ಗುಂಡಿ ಬೀರುವಿನಲ್ಲಿ ಪ್ಯಾಕೆಟ್ಟನ್ನೂ ಬಿಚ್ಚದೆ ಬಿದ್ದಿತ್ತು. ಅದನ್ನು ಜೋಡಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

ಇಷ್ಟೆಲ್ಲ ಮಾಡಿಯೂ ತರಗತಿಯ ಎದುರು ಬಿದ್ದೆ. ಅಕ್ಷರಶಃ ಬಿದ್ದೆ. ಓಟ ಚೆನ್ನಾಗಿಯೇ ಮುಗಿದಿತ್ತು. ಓಟ ನಿಂತ ಮೇಲೆ ಹೇಳಿದ ಹೊತ್ತಿಗೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯಬೇಕು, ಸ್ನಾಯುಗಳ ದಣಿವನ್ನು ಅದರಲ್ಲಿ ಅಳೆಯುತ್ತಾರೆ. ಗೆಳತಿಯ ಕೈಗೆ ಬಾಗಿದಾಗ ಕುರ್ಚಿಯ ಚಕ್ರ ಹಿಂದಕ್ಕೆ ಜಾರಿತು. ನಾನು ನೆಲದ ಮೇಲಿದ್ದೆ. ನಾನಾಗಿ ಏಳುವ ಮೊದಲೇ ಇಬ್ಬರು ಓಡಿಬಂದು ಕಂಕುಳಿಗೆ ಕೈಹಾಕಿ ಎತ್ತಿದರು. ನನ್ನನ್ನು ಬಿಟ್ಟು ಅವಳ ಬೆರಳು ನೋಡಿ ಎಂದು ಹೇಳುತ್ತಿದ್ದರೂ ಯಾರೂ ಕೇಳಲಿಲ್ಲ. ಹೊತ್ತು ಮೀರಿತು. ಹನಿ ತಪ್ಪಿತು. ಬಿದ್ದದ್ದಕ್ಕಿಂತ ಎತ್ತಿಸಿಕೊಂಡದ್ದು ನನಗೆ ಹೆಚ್ಚು ನೋಯಿತು.

ಮುಖ್ಯಸ್ಥರು ಮೆತ್ತಗೆ, ಸಾಕಮ್ಮ, ಆಯ್ತಲ್ಲ ಎಂದರು.

"ರಕ್ತದ ಸ್ಯಾಂಪಲ್ ತಪ್ಪಿದ್ದು ತಪ್ಪು ಸಾರ್, ಒಪ್ಕೋತೀನಿ. ಬಿದ್ದಿದ್ದು ತಪ್ಪಲ್ಲ. ಹೋದ ವಾರ ಬೇರೆಯವರಿಗೂ ಸ್ಯಾಂಪಲ್ ತಪ್ತು. ನೀವು ಅವರಿಗೆ ಇನ್ನೊಂದ್ಸಲ ಮಾಡೋಕೆ ಹೇಳಿದ್ರಿ."

ಅವರು ತಲೆಯಾಡಿಸಿದರು. ಒಪ್ಪಿಗೆಯೋ ಬೇಸರವೋ ತಿಳಿಯಲಿಲ್ಲ. ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಆ ಶನಿವಾರ ಗೆಳತಿಯೂ ನಾನೂ ರಾಜಾಜಿನಗರದಲ್ಲಿ ಆಸ್ಪತ್ರೆಯ ಸಾಮಾನು ಮಾರುವ ಅಂಗಡಿಗೆ ಹೋಗಿ, ಚಕ್ರಗಳಿಗೆ ಬ್ರೇಕ್ ಇರುವ ಸ್ಟೂಲ್ ತಂದೆವು. ಪೇಷಂಟ್ ಮನೆಯಲ್ಲಿದ್ದಾರಾ ಎಂದು ಅಂಗಡಿಯವರು ನನ್ನ ಊರುಗೋಲು ನೋಡುತ್ತ ಕೇಳಿದರು. ಪೇಷಂಟ್ ಯಾರೂ ಇಲ್ಲ, ಕೆಲಸಕ್ಕೆ ಬೇಕು ಎಂದೆ. ಎರಡನೆಯ ಸಲ ಯಾವ ಅಡಚಣೆಯೂ ಆಗಲಿಲ್ಲ. ಬಾಗುವ ಮೊದಲು ಬ್ರೇಕ್ ಒತ್ತುವುದು ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಮುಖ್ಯಸ್ಥರು ಪರೀಕ್ಷೆಯ ಪಟ್ಟಿಗೆ ನನ್ನ ಹೆಸರು ಸೇರಿಸಿದರು.

ಪರೀಕ್ಷೆಯ ದಿನ ಬೇರೆ ಊರಿನಿಂದ ಪರೀಕ್ಷಕರು ಬಂದಿದ್ದರು. ವಯಸ್ಸಾದವರು, ಮಾತು ಕಡಿಮೆ. ಯಾರು ಯಾರನ್ನು ಓಡಿಸಬೇಕೆಂದು ಚೀಟಿ ಎತ್ತಿಸಿದರು. ನನಗೆ ಬಂದವನು ನಮ್ಮ ತರಗತಿಯ ಫುಟ್‌ಬಾಲ್ ಆಟಗಾರ. ಬಸವೇಶ್ವರನಗರದ ಹುಡುಗ, ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಕಾಯುತ್ತಿದ್ದ. ಅಂದು ಬರುವ ಆಮ್ಲಜನಕದ ಅಂಕಿ ನೇರ ತಂಡದ ಕೋಚ್ ಕೈಸೇರುವುದಿತ್ತು. ಇವತ್ತು ಬ್ಯಾಚಲ್ಲೇ ಟಾಪ್ ಹೊಡೀತೀನಿ ನೋಡು ಮಗಾ ಎಂದು ಗೆಳೆಯರಿಗೆ ಹೇಳಿಕೊಂಡೇ ಒಳಗೆ ಬಂದ.

ಕ್ರಮದಂತೆ ಕೇಳಿದೆ. ಜ್ವರ ಬಂದಿತ್ತಾ, ಎದೆನೋವು, ತಲೆಸುತ್ತು, ಮಾತ್ರೆ ಏನಾದರೂ ತಗೊಂಡಿದ್ದೀಯಾ. ಎಲ್ಲಕ್ಕೂ ಇಲ್ಲ ಎಂದ. ಫಿಟ್ ಇದೀನಿ, ಶುರು ಮಾಡು ಎಂದ. ಎದೆಗೆ ಹೃದಯ ಬಡಿತದ ಪಟ್ಟಿ ಕಟ್ಟಿಸಿದೆ. ಮಾಸ್ಕ್ ಬಿಗಿದು ಸೋರಿಕೆ ನೋಡಿದೆ. ಮಾಸ್ಕ್ ಹಾಕಿದ ಮೇಲೆ ಮಾತು ಆಗದು. ಎಷ್ಟು ಕಷ್ಟವಾಗುತ್ತಿದೆ ಎನ್ನುವುದನ್ನು ಎದುರಿನ ಹಲಗೆಯ ಮೇಲಿನ ಸಂಖ್ಯೆಗೆ ಬೆರಳಿಟ್ಟು ತೋರಿಸಬೇಕು ಎಂದು ವಿವರಿಸಿದೆ. ಅಟೆಂಡರ್ ಅಣ್ಣ ಹಿಂದೆ ನಿಂತರು. ನಾನು ಬ್ರೇಕ್ ಒತ್ತಿ ಕೂತೆ.

ಮೊದಲ ಹಂತಗಳಲ್ಲಿ ಎಲ್ಲ ಪಾಠದಲ್ಲಿದ್ದಂತೆಯೇ ನಡೆಯಿತು. ವೇಗ ಏರಿದಂತೆ ಬಡಿತ ಏರಿತು, ಆಮ್ಲಜನಕದ ಗೆರೆಯೂ ಏರಿತು. ಸಹಪಾಠಿಗಳು ಚಪ್ಪಾಳೆ ತಟ್ಟತೊಡಗಿದರು. ಇನ್ನೊಂದು ಹಂತ ಏರಿಸಿದೆ. ಬಡಿತ ಏರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಕೆಳಗಿಳಿಯಿತು.

ಓಟ ಕಷ್ಟವಾದಷ್ಟೂ ಹೃದಯ ಜೋರಾಗಿ ಬಡಿಯಬೇಕು. ಇಳಿಯಬಾರದು. ಎದೆಯ ಪಟ್ಟಿ ಸಡಿಲವಾಗಿದ್ದರೂ ಹೀಗೆ ಕಾಣಿಸುತ್ತದೆ, ಹತ್ತರಲ್ಲಿ ಒಂಬತ್ತು ಸಲ ಕಾರಣ ಅದೇ. ಹಿಂದಿನಿಂದ ಮುಖ್ಯಸ್ಥರೂ ಅದನ್ನೇ ಹೇಳಿದರು: ಸ್ಟ್ರಾಪ್ ಲೂಸ್ ಆಗಿದೆ, ಮುಂದುವರಿಸು. ನಾನು ತೆರೆ ಬಿಟ್ಟು ಅವನ ಮುಖ ನೋಡಿದೆ. ಅಷ್ಟು ಓಡಿದವನ ಮುಖ ಕೆಂಪಗಿರಬೇಕಿತ್ತು. ಮಾಸ್ಕಿನ ಅಂಚಿನಲ್ಲಿ ಕಂಡ ಚರ್ಮ ಬೂದಿಯ ಹಾಗಿತ್ತು. ಹಲಗೆ ತೋರಿಸಿ ಎಷ್ಟು ಕಷ್ಟ ಎಂದು ಕೇಳಿದೆ. ಅವನ ಬೆರಳು ಸಂಖ್ಯೆಗಳನ್ನು ದಾಟಿ ಹಲಗೆಯ ಆಚೆಗೆ, ಗೋಡೆಯ ಕಡೆಗೆ ಹೋಯಿತು. ಆಮೇಲೆ ಹೆಬ್ಬೆರಳೆತ್ತಿ, ನಡೆಯಲಿ ಎಂದ. ಚಪ್ಪಾಳೆ ಜೋರಾಯಿತು.

ನಿಲ್ಲಿಸಿದರೆ ಅವನಿಗೆ ಅಂಕಿ ಬರದು. ಕೊನೆ ಮುಟ್ಟದ ಪ್ರಯೋಗ ನನಗೂ ಅರ್ಧ. ಹೆದರಿ ನಿಲ್ಲಿಸಿದಳು ಎಂದು ಇಡೀ ವಿಭಾಗ ಹೇಳುತ್ತದೆ, ಅದೂ ಗೊತ್ತಿತ್ತು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಬೆರಳು ತೊಡೆಯ ಮೇಲಿದ್ದ ಕೆಂಪು ಗುಂಡಿಯ ಮೇಲಿತ್ತು. ಒತ್ತಿದೆ.

ಬೆಲ್ಟ್ ನಿಂತಿತು. ಅವನು ಕಂಬಿ ಹಿಡಿದು ನಿಂತು ಮಾಸ್ಕ್ ಕಿತ್ತೆಸೆದ.

"ಯಾಕ್ ನಿಲ್ಲಿಸ್ದೆ ನೀನು? ಇನ್ನೂ ಓಡ್ತಿದ್ನಲ್ಲ ನಾನು."

ಮಲಗು ಎಂದೆ. ಮಲಗಲ್ಲ ಎಂದ. ಅಟೆಂಡರ್ ಅಣ್ಣ ಅವನ ಮಾತಿಗೆ ಕಾಯದೆ ಚಾಪೆಯ ಮೇಲೆ ಮಲಗಿಸಿ ಕಾಲು ಎತ್ತಿ ಪಕ್ಕದ ಕುರ್ಚಿಯ ಮೇಲಿಟ್ಟರು. ಅವನು ಛಾವಣಿ ನೋಡುತ್ತ ಬೈಯುತ್ತಲೇ ಇದ್ದ. ತಲೆ ತಿರುಗಿ ಬೀಳಲಿಲ್ಲ, ವಾಂತಿಯಾಗಲಿಲ್ಲ. ನೋಡಿದವರಿಗೆ ಅವನು ಆರೋಗ್ಯವಾಗಿಯೇ ಕಂಡ. ಮೆಲ್ಲಗೆ ಮುಖಕ್ಕೆ ಬಣ್ಣ ಬಂತು.

ಪರೀಕ್ಷಕರು ನನ್ನ ಹತ್ತಿರ ಬಂದರು. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ವೇಗ ಏರಿದರೂ ಬಡಿತ ಇಳಿದದ್ದು, ಮುಖ ಬಿಳುಚಿದ್ದು, ಬೆರಳು ಗುರಿ ತಪ್ಪಿದ್ದು, ಮೂರನ್ನೂ ಹೇಳಿದೆ.

"ಸ್ಟ್ರಾಪ್ ಸಡಿಲ ಆಗಿದ್ರೆ?"

"ಆದ್ರೂ ನಿಲ್ಲಿಸ್ತಿದ್ದೆ ಸಾರ್. ಮುಖದ ಬಣ್ಣ ಸ್ಟ್ರಾಪ್‌ನಿಂದ ಬರಲ್ಲ."

"ಟೆಸ್ಟ್ ಅಪೂರ್ಣ. ಮಾರ್ಕ್ಸ್ ಹೋಗುತ್ತೆ."

"ಹೋಗ್ಲಿ ಸಾರ್."

ಹೋದವು. ಕೊನೆಗೆ ಬಂದ ಅಂಕ ಮುಖ್ಯಸ್ಥರು ಪುಕ್ಕಟೆ ಕೊಡುತ್ತೇನೆ ಎಂದದ್ದಕ್ಕಿಂತ ಎಷ್ಟೋ ಕಡಿಮೆ. ಅಮ್ಮ ಅದನ್ನು ನೋಡಿ ಅಂಕಪಟ್ಟಿ ಮಡಿಸಿ ಒಳಗಿಟ್ಟಳು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ, ಬ್ರೇಕ್ ಇರೋ ಸ್ಟೂಲು ತಂದಿದ್ದು ಇದಕ್ಕೇನಾ ಎಂದು ಬರೆದ. ಕೆಲವರು ನಕ್ಕ ಮುಖಗಳನ್ನು ಅಂಟಿಸಿದರು. ಫುಟ್‌ಬಾಲ್ ಆಟಗಾರ ನನ್ನೊಡನೆ ಮಾತು ಬಿಟ್ಟ. ಡಾಕ್ಟರಿಗೆ ತೋರಿಸು ಎಂದು ಎರಡು ಸಲ ಹೇಳಿದೆ, ಎರಡು ಸಲವೂ ಬೆನ್ನು ತಿರುಗಿಸಿದ. ನಾನು ಮುಖ್ಯಸ್ಥರ ಬಳಿ ಹೋಗಿ, ನೀವು ಹೇಳಿದರೆ ಮಾತ್ರ ಅವನು ಹೋಗುತ್ತಾನೆ ಎಂದೆ. ನಾನು ಹೆದರಿದೆ ಎಂದೇ ಅವರೂ ನಂಬಿದ್ದರು. ಆದರೂ ಹೊಣೆಯ ಚಿಂತೆ ಅವರನ್ನು ಬಿಡದು. ನನ್ನನ್ನು ಲ್ಯಾಬಿನಿಂದ ದೂರ ಇಡಲು ನೋಡಿದ ಅದೇ ಚಿಂತೆ ಅವನನ್ನು ಆಸ್ಪತ್ರೆಗೆ ಎಳೆದೊಯ್ದಿತು. ವೈದ್ಯರ ಚೀಟಿ ಇಲ್ಲದೆ ಮೈದಾನಕ್ಕೆ ಇಳಿಯಬೇಡ ಎಂದುಬಿಟ್ಟರು.

ಅವನಿಗೆ ಪರೀಕ್ಷೆಗೆ ಸ್ವಲ್ಪ ದಿನ ಮುಂಚೆ ಜ್ವರ ಬಂದಿತ್ತು. ಆಯ್ಕೆ ತಪ್ಪೀತೆಂದು ಮಾತ್ರೆ ನುಂಗಿ ಮುಚ್ಚಿಟ್ಟಿದ್ದ. ಜ್ವರ ಬಿಟ್ಟಿತ್ತು, ಆದರೆ ಹೃದಯದ ಸ್ನಾಯುವಿನಲ್ಲಿ ಊತ ಉಳಿದಿತ್ತು. ಕೆಲವು ತಿಂಗಳು ಓಡುವ ಹಾಗಿಲ್ಲ, ವಿಶ್ರಾಂತಿ ತಗೊಂಡರೆ ಸರಿಹೋಗುತ್ತದೆ ಎಂದರು ವೈದ್ಯರು. ಓಡಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಅವರು ಅವನ ಅಪ್ಪ ಅಮ್ಮನಿಗೆ ಮಾತ್ರ ಹೇಳಿದರಂತೆ.

ಸುದ್ದಿ ಬಂದ ದಿನ ಎಲ್ಲರ ಮಾತೂ ಒಮ್ಮೆಲೇ ತಿರುಗಿತು. ಗುಂಪಿನಲ್ಲಿ ನನಗೆ ಹೂಗುಚ್ಛಗಳ ಚಿತ್ರಗಳು ಬಂದವು. ಮುಖ್ಯಸ್ಥರು ಮತ್ತೆ ವೇದಿಕೆಯ ಮಾತು ಎತ್ತಿದರು, ಬೇಡ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಇಲ್ಲಿಯಾದರೂ ಸ್ಪಷ್ಟವಾಗಿ ಹೇಳುತ್ತೇನೆ. ಅವನಿಗೆ ಕಾಯಿಲೆ ಇತ್ತು ಎನ್ನುವುದು ನಾನು ಸರಿ ಎನ್ನುವುದಕ್ಕೆ ಪುರಾವೆಯಲ್ಲ. ಅವನು ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದು, ಪಟ್ಟಿಯೇ ಸಡಿಲವಾಗಿದ್ದು, ತಂಡದ ಜಾಗ ನನ್ನಿಂದಲೇ ತಪ್ಪಿದ್ದರೂ ನಾನು ಒತ್ತಿದ್ದು ಸರಿಯೇ. ಆ ಗಳಿಗೆಯಲ್ಲಿ ಕಣ್ಣಿಗೆ ಕಂಡದ್ದನ್ನು ನೋಡಿ ನಿಲ್ಲಿಸಬೇಕಿತ್ತು, ನಿಲ್ಲಿಸಿದೆ. ಆಮೇಲೆ ಬರುವ ರಿಪೋರ್ಟಿನ ಮೇಲೆ ಈ ಕೆಲಸದ ಮರ್ಯಾದೆ ನಿಂತಿಲ್ಲ. ಹಾಗೆ ನಿಂತರೆ ಮುಂದಿನ ಸಲ ಯಾರ ಬೆರಳೂ ಗುಂಡಿಗೆ ಹೋಗದು.

ಮುಂದಿನ ವರ್ಷ ಅವನು ವೈದ್ಯರ ಒಪ್ಪಿಗೆ ಪಡೆದು ಬಂದ. ಮೈದಾನಕ್ಕೆ ಮರಳುವ ಮೊದಲು ಮತ್ತೊಮ್ಮೆ ಟ್ರೆಡ್‌ಮಿಲ್ ಪರೀಕ್ಷೆ ಆಗಬೇಕಿತ್ತು, ಈ ಸಲ ವೈದ್ಯರೂ ಪಕ್ಕದಲ್ಲಿರುವಂತೆ. ತೆಳ್ಳಗಾಗಿದ್ದ. ಕಣ್ಣುಗಳಲ್ಲಿ ಹಳೆಯ ಜೋರು ಇರಲಿಲ್ಲ. ತಾವೇ ನಡೆಸುವುದಾಗಿ ಹೇಳಿ ಮುಖ್ಯಸ್ಥರು ಕೋಟಿನ ತೋಳು ಮಡಿಸತೊಡಗಿದರು.

"ಅವಳು ಮಾಡ್ಲಿ ಸಾರ್," ಎಂದ ಅವನು. ನನ್ನ ಕಡೆ ನೋಡಲಿಲ್ಲ.

ಮುಖ್ಯಸ್ಥರು ತೋಳು ಇಳಿಸಿಕೊಂಡು, ಅಟೆಂಡರ್ ಅಣ್ಣನ ಪಕ್ಕಕ್ಕೆ ಹೋಗಿ ಟ್ರೆಡ್‌ಮಿಲ್ಲಿನ ಹಿಂದೆ ನಿಂತರು.

ಸಿಲಿಂಡರ್ ತೆರೆದೆ, ಯಂತ್ರ ಸರಿಹೊಂದಿಸಿದೆ, ಪ್ರಶ್ನೆಗಳನ್ನು ಕೇಳಿದೆ. ಈ ಸಲ ಅವನು ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟ. ಮಾಸ್ಕ್ ಬಿಗಿಯುವ ಮೊದಲು ಒಂದು ಮಾತು ಉಳಿದಿತ್ತು.

"ನಾನು ನಿಲ್ಲಿಸಿದ್ರೆ ಮತ್ತೆ ಬೈತೀಯಾ?"

"ಬೈತೀನಿ," ಎಂದ. "ನೀನು ನಿಲ್ಲಿಸು."

ಪಟ್ಟಿ ಎಳೆದು ಬಿಗಿದೆ. ಅವನು ಟ್ರೆಡ್‌ಮಿಲ್ ಹತ್ತಿದ.